ಮೊಟ್ಟೆಯ ಹಳದಿಗೆ ಹೊಲದ ರಂಗು

ಜವಾರಿ ಕೋಳಿಯ ತತ್ತಿ ಒಡೆದರೆ ಒಳಗೆ ಕೇಸರಿ, ಫಾರಂ ಕೋಳಿಯದಾದರೆ ತೆಳು ಹಳದಿ. ರಂಗು ಗಾಢವಾದಷ್ಟೂ ಸತ್ವ ಹೆಚ್ಚು ಎಂಬುದು ಸಂತೆಯ ಲೆಕ್ಕ. ಅಂಥ ಮೊಟ್ಟೆಗೆ ನಾಲ್ಕು ಕಾಸು ಹೆಚ್ಚು ಕೊಡಲು ಜನ ಹಿಂಜರಿಯುವುದಿಲ್ಲ. ಈ ಲೆಕ್ಕ ಎಷ್ಟು ಸರಿ?

ಕೋಳಿ ಈ ಬಣ್ಣವನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು. ಅದು ತಿಂದ ಕಾಳು, ಸೊಪ್ಪುಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳೇ ರಕ್ತದ ಮೂಲಕ ಮೊಟ್ಟೆಯ ಹಳದಿ ಭಾಗವನ್ನು ಸೇರುತ್ತವೆ. 1912ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರಿಚರ್ಡ್ ವಿಲ್‌ಸ್ಟಾಟರ್ ಮತ್ತು ಅವರ ಸಹೋದ್ಯೋಗಿ ಎಶರ್ 6000 ಮೊಟ್ಟೆಗಳಿಂದ ಸುಮಾರು 4 ಗ್ರಾಂ ವರ್ಣದ್ರವ್ಯವನ್ನು ಬೇರ್ಪಡಿಸಿದರು. ಅದೇ ಲ್ಯೂಟಿನ್.

ಏಳು ವರ್ಷಗಳ ನಂತರ, 1919ರಲ್ಲಿ, ಅಮೆರಿಕದ ಪಾಮರ್ ಮತ್ತು ಕೆಂಪ್‌ಸ್ಟರ್ ತಮ್ಮ ಪ್ರಯೋಗದ ಫಲ ಪ್ರಕಟಿಸಿದರು. ಬಣ್ಣರಹಿತ ಆಹಾರ ತಿಂದು ಬೆಳೆದ ಕೋಳಿಗಳು ಬಣ್ಣವಿಲ್ಲದ ಹಳದಿಯ ಮೊಟ್ಟೆ ಇಟ್ಟವು. ಆ ಮೊಟ್ಟೆಗಳಿಂದಲೂ ಮರಿಗಳು ಹೊರಬಂದವು. ಬಣ್ಣ ಬೇರೆ, ಜೀವಸತ್ವ ಬೇರೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಿರುವ ಹಾವೇರಿ ಜಿಲ್ಲೆಯ ಬೆಳೆಗಳನ್ನೇ ನೋಡಿ. ಬಿಳಿಜೋಳ ತಿಂದ ಕೋಳಿಯ ಮೊಟ್ಟೆಯಲ್ಲಿ ರಂಗು ಕಡಿಮೆ. ಅಂಗಳದಲ್ಲಿ ಹುಲ್ಲು, ಸೊಪ್ಪು ಕುಕ್ಕಿ ತಿನ್ನುವ ಕೋಳಿಗೆ ಆ ಕೊರತೆ ಇಲ್ಲ. ಗೂಡಿನಲ್ಲಿ ಬೆಳೆಯುವ ಕೋಳಿಗೆ ಈಗ ಜಿಲ್ಲೆಯ ಪ್ರಮುಖ ಬೆಳೆಯಾಗಿರುವ ಹಳದಿ ಗೋವಿನಜೋಳವೇ ಬಣ್ಣದ ಆಸರೆ. ಇದೇ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಕೆಂಪಿಗೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ಮಾನ್ಯತೆಯೂ ದೊರೆಯಿತು. ಮೆಣಸಿನಕಾಯಿಗೆ ಕೆಂಪು ಕೊಡುವ ಕ್ಯಾಪ್ಸಾಂಥಿನ್ ಕೋಳಿ ಆಹಾರದಲ್ಲಿ ಬೆರೆತರೆ ಹಳದಿಯು ಕೇಸರಿಗೆ ತಿರುಗುತ್ತದೆ. ಖಾರವಿದ್ದರೂ ಹಕ್ಕಿಗಳ ನಾಲಿಗೆಗೆ ಅದು ತಟ್ಟುವುದಿಲ್ಲ.

ಮೂರನೆಯದು ಚೆಂಡು ಹೂವು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಹೊಲಗಳಲ್ಲಿ ಅರಳುವ ಈ ಹೂವು ದೇವರ ಮುಡಿಗಷ್ಟೇ ಅಲ್ಲ, ಕಾರ್ಖಾನೆಗೂ ಹೋಗುತ್ತದೆ. ಅಲ್ಲಿ ಎಸಳುಗಳಿಂದ ತೆಗೆದ ಲ್ಯೂಟಿನ್ ಕೋಳಿ ಆಹಾರಕ್ಕೆ ಬಳಕೆಯಾಗುತ್ತದೆ. ಗೋವಿನಜೋಳ, ಮೆಣಸಿನಕಾಯಿ, ಚೆಂಡು ಹೂವು ಮೂರರ ತವರೂ ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪುವ ಮುನ್ನ ನಮ್ಮ ಕೋಳಿಗಳಿಗೆ ಇವುಗಳ ಪರಿಚಯವೇ ಇರಲಿಲ್ಲ.

ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಾಗುವ ಬಣ್ಣಗಳೂ ಉಂಟು. ಅವುಗಳಲ್ಲೊಂದು ಕ್ಯಾಂಥಾಕ್ಸಾಂಥಿನ್. ಮೈಬಣ್ಣ ಬದಲಿಸುವ ಗುಳಿಗೆಯ ರೂಪದಲ್ಲಿ ಅದನ್ನು ಅತಿಯಾಗಿ ಸೇವಿಸಿದವರ ಕಣ್ಣಿನಲ್ಲಿ ಹರಳು ಕಟ್ಟಿದ್ದು ಕಂಡುಬಂದ ಮೇಲೆ, ಐರೋಪ್ಯ ಒಕ್ಕೂಟವು 2003ರಲ್ಲಿ ಮೊಟ್ಟೆ ಕೋಳಿಯ ಆಹಾರದಲ್ಲಿ ಅದರ ಮಿತಿಯನ್ನು ಕಿಲೋಗೆ 80ರಿಂದ 8 ಮಿಲಿಗ್ರಾಂಗೆ ಇಳಿಸಿತು.

ಹಾಗಾದರೆ ಕೊಳ್ಳುವವರು ಏನು ತಿಳಿಯಬೇಕು? ಲ್ಯೂಟಿನ್ ಕಣ್ಣಿಗೆ ಬೇಕಾದ ವಸ್ತುವೇ. ಆದರೆ ಅದು ‘ಎ’ ಜೀವಸತ್ವವಾಗಿ ಮಾರ್ಪಡುವುದಿಲ್ಲ. ರಂಗು ಹೆಚ್ಚಿದ ಮಾತ್ರಕ್ಕೆ ಪ್ರೋಟೀನೂ ಹೆಚ್ಚುವುದಿಲ್ಲ. ಕೇಸರಿ ಹಳದಿ ಕಂಡ ಕೂಡಲೇ ಅದು ಜವಾರಿ ಕೋಳಿಯದೆಂದು ನಂಬಬೇಕಾಗಿಲ್ಲ. ಫಾರಂ ಕೋಳಿಗೂ ಚೆಂಡು ಹೂವಿನ ಸಾರ ತಿನ್ನಿಸಬಹುದು. ಮೊಟ್ಟೆಯ ಬಣ್ಣ ಕೋಳಿ ಏನು ತಿಂದಿತೆಂದು ಹೇಳುತ್ತದೆ. ಅದರ ತಳಿ ಯಾವುದು, ಅದು ಎಲ್ಲಿ ಬೆಳೆಯಿತು ಎಂಬುದನ್ನು ಮಾರುವವರನ್ನೇ ಕೇಳಬೇಕು.