ಕೃಷ್ಣೆಯ ನಡುಗಡ್ಡೆಗೆ ಸಂಸಾರ ಸಮೇತ: ಸಾಂಗಲಿ–ಮಿರಜದವರ ಕುರವಪುರ ಯಾತ್ರೆ

ಸಾಂಗಲಿ ಮತ್ತು ಮಿರಜದ ದತ್ತಭಕ್ತ ಮನೆತನಗಳಲ್ಲಿ ದೀಪಾವಳಿ ಇಲ್ಲವೆ ಬೇಸಿಗೆಯ ರಜೆಗೆ ಮನೆಮಂದಿಯೆಲ್ಲ ಕೂಡಿ ಕುರವಪುರಕ್ಕೆ ಹೋಗಿಬರುವ ರೂಢಿ ಉಂಟು. ಕುರವಪುರ ರಾಯಚೂರು ತಾಲ್ಲೂಕಿಗೆ ಸೇರಿದ ಒಂದು ನಡುಗಡ್ಡೆ. ಸುತ್ತಲೂ ಕೃಷ್ಣೆ ಹರಿಯುತ್ತದೆ, ಆಚೆ ದಡ ತೆಲಂಗಾಣದ್ದು. ಬಂಡೆ, ಮರಳು, ಗದ್ದೆ, ಒಂದು ಪುಟ್ಟ ಊರು, ದೊಡ್ಡ ಆಲದ ಮರ, ಶ್ರೀಪಾದ ಶ್ರೀವಲ್ಲಭರ ಗುಡಿ — ಇಷ್ಟೇ ಅಲ್ಲಿರುವುದು. ಆದರೂ ನೂರಾರು ಮೈಲಿ ದೂರದ ಮರಾಠಿ–ಕನ್ನಡ ಗಡಿಯ ಕುಟುಂಬಗಳಿಗೆ ಈ ದ್ವೀಪ ಪರಸ್ಥಳವೆನಿಸಿಲ್ಲ. ಅದಕ್ಕೆ ಮೊದಲ ಕಾರಣ ನದಿ, ಎರಡನೆಯದು ಒಂದು ಪುರಾಣಗ್ರಂಥ. ರೈಲು ಬಂದ ಮೇಲೆ ಈ ಎರಡರ ನಂಟು ಇಡೀ ಕುಟುಂಬದ ಪ್ರವಾಸವಾಗಿ ಬೆಳೆಯಿತು.

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಔದುಂಬರವನ್ನು ದಾಟಿ ಸಾಂಗಲಿಗೆ ಬರುತ್ತಾಳೆ. ಊರ ಹತ್ತಿರದ ಹರಿಪುರದಲ್ಲಿ ವಾರಣಾ ಅವಳನ್ನು ಸೇರುತ್ತದೆ, ಇನ್ನಷ್ಟು ಕೆಳಗೆ ನರಸೋಬಾ ವಾಡಿಯಲ್ಲಿ ಪಂಚಗಂಗೆ ಕೂಡಿಕೊಳ್ಳುತ್ತದೆ. ಮುಂದೆ ಕರ್ನಾಟಕದಲ್ಲಿ ಘಟಪ್ರಭಾ, ಮಲಪ್ರಭಾ ನದಿಗಳು ಬಂದು ಸೇರುತ್ತವೆ. ಪಂಢರಪುರ ಮತ್ತು ಗಾಣಗಾಪುರವನ್ನು ಹಾದುಬರುವ ಭೀಮೆ ಕೃಷ್ಣೆಯನ್ನು ಸೇರುವುದು ಕುರವಪುರಕ್ಕಿಂತ ಸ್ವಲ್ಪ ಮೇಲೆ. ಹೀಗೆ ದತ್ತಪಂಥದ ಮುಖ್ಯ ಕ್ಷೇತ್ರಗಳಾದ ಔದುಂಬರ, ವಾಡಿ, ಗಾಣಗಾಪುರಗಳನ್ನು ಮುಟ್ಟಿಬಂದ ನೀರೆಲ್ಲ ಈ ನಡುಗಡ್ಡೆಯನ್ನು ಬಳಸಿಕೊಂಡೇ ಮುಂದೆ ಹೋಗುತ್ತದೆ.

ಈ ಕ್ಷೇತ್ರಗಳನ್ನು ಒಂದೇ ಕಥೆಯಲ್ಲಿ ಪೋಣಿಸಿದ ಗ್ರಂಥ ಸರಸ್ವತೀ ಗಂಗಾಧರನ ‘ಗುರುಚರಿತ್ರೆ’. ಗ್ರಂಥ ಮರಾಠಿಯದಾದರೂ ಅದರೊಳಗೆ ಕನ್ನಡ ಪದಗಳೂ ಇವೆ. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಬಾಳಿದ ನಾಡಿನ ಕೃತಿ ಅದು. ದತ್ತನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ಆಂಧ್ರದ ಪೀಠಾಪುರದಲ್ಲಿ ಹುಟ್ಟಿ ಕುರವಪುರಕ್ಕೆ ಬಂದು ನೆಲೆಸಿದ್ದು, ಆಶ್ವಯುಜ ಬಹುಳ ದ್ವಾದಶಿಯಂದು ಕೃಷ್ಣೆಯಲ್ಲಿ ಅದೃಶ್ಯರಾದದ್ದು ಅದರ ಮೊದಲ ಭಾಗದ ಕಥೆ. ಅವರೇ ನೃಸಿಂಹ ಸರಸ್ವತಿಗಳಾಗಿ ಮತ್ತೆ ಹುಟ್ಟಿ ಔದುಂಬರದಲ್ಲಿ ಒಂದು ಚಾತುರ್ಮಾಸ್ಯ, ವಾಡಿಯಲ್ಲಿ ಹನ್ನೆರಡು ವರ್ಷ, ಕೊನೆಗೆ ಗಾಣಗಾಪುರದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರೆಂಬುದು ಮುಂದಿನ ಕಥೆ. ವಾಡಿಯ ಮೆಟ್ಟಿಲಲ್ಲಿ ಮಿಂದವರಿಗೆ ಕುರವಪುರ ತಮ್ಮ ಗುರುವಿನ ಹಿಂದಿನ ಜನ್ಮದ ಊರು.

ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಈ ನಡುಗಡ್ಡೆಯ ಒಂದು ಚಿತ್ರ ಬರುತ್ತದೆ. ವಸಂತ ಋತು, ವೈಶಾಖ ಮಾಸ. ಅರಸನೊಬ್ಬ ಸರ್ವಾಲಂಕೃತರಾದ ರಾಣಿಯರೊಡನೆ ದೋಣಿ ಹತ್ತಿ ಕೃಷ್ಣೆಯಲ್ಲಿ ವಿಹರಿಸುತ್ತಿದ್ದಾನೆ. ಗುರುಗಳ ಬಟ್ಟೆ ಒಗೆಯುವ ಮಡಿವಾಳ ಅದನ್ನು ನೋಡಿ ಮೈಮರೆಯುತ್ತಾನೆ. ಅವನ ಆಸೆಯನ್ನು ಅರಿತ ಗುರುಗಳು ಮುಂದಿನ ಜನ್ಮದಲ್ಲಿ ಬೀದರಿನ ಅರಸನಾಗಿ ಹುಟ್ಟುವೆ ಎಂದು ಹರಸುತ್ತಾರೆ. ಬೇಸಿಗೆಯಲ್ಲಿ ಹೊಳೆಗೆ ಬಂದು ಸಂಸಾರದೊಡನೆ ಸುಖಪಡುವ ಬಯಕೆಯನ್ನು ಕಥೆ ಪಾಪವೆಂದು ತಳ್ಳುವುದಿಲ್ಲ. ಹತ್ತನೆಯ ಅಧ್ಯಾಯದ ದಾರಿ ಮಾತ್ರ ಭಯದ್ದು. ವ್ಯಾಪಾರದಲ್ಲಿ ಲಾಭವಾದರೆ ಕುರವಪುರದಲ್ಲಿ ಸಾವಿರ ಮಂದಿಗೆ ಊಟ ಹಾಕಿಸುವೆನೆಂದು ಹರಕೆ ಹೊತ್ತ ವಲ್ಲಭೇಶನನ್ನು ಕಳ್ಳರು ನಡುದಾರಿಯಲ್ಲೇ ಕೊಲ್ಲುತ್ತಾರೆ, ಗುರುಗಳು ಬಂದು ಅವನನ್ನು ಬದುಕಿಸುತ್ತಾರೆ. ಹಣ ಕಟ್ಟಿಕೊಂಡು ದೂರ ಹೋಗುವುದು ಎಷ್ಟು ಗಂಡಾಂತರದ ಕೆಲಸವಾಗಿತ್ತೆಂಬುದನ್ನು ಈ ಕಥೆ ಹೇಳುತ್ತದೆ.

ಇಂಥ ದಾರಿಯಲ್ಲಿ ಹೆಂಗಸರು ಮಕ್ಕಳನ್ನು ಕರೆದೊಯ್ಯುವುದು ಸುಲಭವಿರಲಿಲ್ಲ. ಹಾಗಾಗಿ ಸಾಂಗಲಿ–ಮಿರಜದ ಕುಟುಂಬಗಳ ಯಾತ್ರೆ ಹತ್ತಿರದ ಔದುಂಬರ ಮತ್ತು ವಾಡಿಗಳಲ್ಲೇ ಬೇರೂರಿತು. ಹುಣ್ಣಿಮೆಗೆ ಎತ್ತಿನ ಗಾಡಿ ಕಟ್ಟಿ ವಾಡಿಗೆ ಹೋಗಿ, ಪಾದುಕೆಗಳ ದರ್ಶನ ಪಡೆದು, ಹೊಳೆದಂಡೆಯಲ್ಲಿ ಉಂಡು, ಕತ್ತಲಾಗುವುದರೊಳಗೆ ತಿರುಗಿ ಬರಬಹುದಿತ್ತು. ವಾಡಿಯ ಗುಡಿ ನದಿಗೆ ತೀರ ಹತ್ತಿರ. ಮಳೆಗಾಲದಲ್ಲಿ ಕೃಷ್ಣೆ ಏರುತ್ತ ಏರುತ್ತ ಗರ್ಭಗುಡಿಯನ್ನು ಹೊಕ್ಕು ಪಾದುಕೆಗಳನ್ನು ತೊಳೆದು ದಕ್ಷಿಣದ ಬಾಗಿಲಿನಿಂದ ಹೊರಬೀಳುತ್ತಾಳೆ. ‘ದಕ್ಷಿಣದ್ವಾರ’ವೆಂದು ಹೆಸರಾದ ಈ ಹೊತ್ತಿನ ಸುದ್ದಿ ಮುಟ್ಟಿದ ಕೂಡಲೇ ಸುತ್ತಲಿನ ಊರುಗಳಿಂದ ಜನ ಓಡಿಬಂದು ಆ ನೀರಿನಲ್ಲಿ ಮೀಯುತ್ತಾರೆ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ಜಾಗಕ್ಕೆ ಒಯ್ದು ಪೂಜೆ ನಡೆಸುತ್ತಾರೆ. ಪೇಢೆ, ಬಾಸುಂದಿ, ಬೇಲದ ಹಣ್ಣಿನ ಬರ್ಫಿಗೆ ವಾಡಿಯ ಅಂಗಡಿಗಳು ಇಂದಿಗೂ ಹೆಸರುವಾಸಿ.

ಈ ಸೀಮೆಯ ಜನಕ್ಕೆ ಕನ್ನಡ ಪ್ರದೇಶ ಹೊಸದೇನೂ ಆಗಿರಲಿಲ್ಲ. ಮಿರಜವನ್ನು ಆಳುತ್ತಿದ್ದ ಪಟವರ್ಧನ ಮನೆತನ ಒಡೆದು 1801ರಲ್ಲಿ ಚಿಂತಾಮಣರಾವ್ ಮಿರಜ ಬಿಟ್ಟು ಸಾಂಗಲಿಯನ್ನು ತನ್ನ ರಾಜಧಾನಿ ಮಾಡಿಕೊಂಡ ಮೇಲೆ ತೇರದಾಳ, ಶಹಾಪುರ, ಶಿರಹಟ್ಟಿಗಳು ಸಾಂಗಲಿ ಸಂಸ್ಥಾನದಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಕಂದಾಯ, ವ್ಯಾಪಾರ, ಬೀಗತನಗಳು ಎರಡೂ ಭಾಷೆಯಲ್ಲಿ ನಡೆಯುತ್ತಿದ್ದವು. ಇಂದಿನ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಈಗಲೂ ಕನ್ನಡ ಮನೆಮಾತಾಗಿರುವ ಊರುಗಳಿವೆ.

ದೂರದ ಯಾತ್ರೆಯನ್ನು ಕುಟುಂಬದ ಕೈಗೆಟುಕಿಸಿದ್ದು ರೈಲು. ಮುಂಬಯಿ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುಮಾರ್ಗ ಕೃಷ್ಣೆಯನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಗಾಣಗಾಪುರ ರೋಡ್ ಮತ್ತು ಕೃಷ್ಣಾ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ಮಿರಜಕ್ಕೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬಂದದ್ದು 1880ರ ದಶಕದಲ್ಲಿ, ಕೊಲ್ಹಾಪುರದ ಹಳಿ ಸೇರಿದ್ದು 1891ರಲ್ಲಿ. ಆದರೂ ಗಾಣಗಾಪುರಕ್ಕೆ ಹೊರಟವರು ದೂರ ಸುತ್ತಿಕೊಂಡು ಸೋಲಾಪುರದ ಕಡೆ ಬರಬೇಕಿತ್ತು. ಎರಡೂವರೆ ಅಡಿ ಅಗಲದ ಹಳಿಯ ಬಾರ್ಸಿ ಲೈಟ್ ರೈಲ್ವೆ 1927ರಲ್ಲಿ ಪಂಢರಪುರದಿಂದ ಮಿರಜದವರೆಗೆ ಬಂದಾಗ ಈ ಸುತ್ತು ತಪ್ಪಿತು. ಮಿರಜದಲ್ಲಿ ಪುಟ್ಟ ಗಾಡಿ ಹತ್ತಿದವರು ಪಂಢರಪುರದಲ್ಲಿ ವಿಠ್ಠಲನನ್ನು ಕಂಡು, ಕುರ್ಡುವಾಡಿಯಲ್ಲಿ ಗಾಡಿ ಬದಲಿಸಿ, ಗಾಣಗಾಪುರಕ್ಕೂ ಅಲ್ಲಿಂದ ಕುರವಪುರದ ದಾರಿಯ ಕೃಷ್ಣಾ ನಿಲ್ದಾಣಕ್ಕೂ ಹೋಗಬಹುದಾಯಿತು.

ಹೀಗೆ ಹಲವು ದಿನಗಳ ಪ್ರವಾಸಕ್ಕೆ ಒಂದು ಕ್ರಮ ಬಂತು. ಹೋಲ್ಡಾಲಿನಲ್ಲಿ ಹಾಸಿಗೆ, ಹಿತ್ತಾಳೆ ತಂಬಿಗೆಯಲ್ಲಿ ನೀರು, ಬುತ್ತಿಗೆ ಹಾಲಿನಲ್ಲಿ ನಾದಿದ ದಶಮಿ, ಶೇಂಗಾ ಚಟ್ನಿ, ಉಂಡಿ. ಗಾಣಗಾಪುರದಲ್ಲಿ ಭೀಮಾ–ಅಮರಜಾ ಸಂಗಮದ ಸ್ನಾನ, ಮಧ್ಯಾಹ್ನ ಮಕ್ಕಳೂ ಜೋಳಿಗೆ ಹಿಡಿದು ಬೇಡುವ ಮಧುಕರಿ, ಆಮೇಲೆ ದ್ವೀಪ. ಶ್ರೀಪಾದರು ಅದೃಶ್ಯರಾದ ತಿಥಿ ‘ಗುರುದ್ವಾದಶಿ’ ದೀಪಾವಳಿಗೆ ತೀರ ಹತ್ತಿರ ಬೀಳುವುದರಿಂದ ಶಾಲೆಯ ರಜೆಗೂ ಯಾತ್ರೆಗೂ ಹೊಂದಿಕೆಯಾಯಿತು. ಆಗ ಗಾಣಗಾಪುರ, ರಾಯಚೂರುಗಳು ನಿಜಾಮನ ಸೀಮೆಯಲ್ಲಿದ್ದವು. ಅಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ ಎಂಬ ಬೇರೆಯೇ ನಾಣ್ಯ.

ಕುರವಪುರದ ಕಡೆ ಭಕ್ತರ ಮನಸ್ಸನ್ನು ಮತ್ತೆ ತಿರುಗಿಸಿದವರಲ್ಲಿ ವಾಸುದೇವಾನಂದ ಸರಸ್ವತಿಗಳು ಮುಖ್ಯರು. ಟೇಂಬೆ ಸ್ವಾಮಿ ಎಂದು ಹೆಸರಾದ ಇವರು (1854–1914) ಕೊಂಕಣದ ಮಾಣಗಾವಿನವರು, ನರಸೋಬಾ ವಾಡಿಯ ಪರಮ ಭಕ್ತರು. 1911ರ ಚಾತುರ್ಮಾಸ್ಯವನ್ನು ಕುರವಪುರದಲ್ಲಿ ಕಳೆದು ಅಲ್ಲಿಯೇ ‘ಘೋರಕಷ್ಟೋದ್ಧರಣ ಸ್ತೋತ್ರ’ವನ್ನು ರಚಿಸಿದರು. ವಾಡಿಯವರ ಪೂಜ್ಯ ಯತಿಯೇ ದ್ವೀಪದಲ್ಲಿ ಮಳೆಗಾಲ ಕಳೆದದ್ದು ಕೃಷ್ಣೆಯ ಮೇಲ್ದಂಡೆಯ ಮನೆಗಳಿಗೆ ದೊಡ್ಡ ಪ್ರೇರಣೆಯಾಯಿತು. ಅವರು ಧ್ಯಾನಕ್ಕೆ ಕೂತಿದ್ದ ಗುಹೆ ಇಂದು ದರ್ಶನದ ಭಾಗ.

ದ್ವೀಪ ಮುಟ್ಟಲು ಹೊಳೆ ದಾಟಲೇಬೇಕು. ಅದಕ್ಕಿದ್ದ ಸಾಧನ ಹರಿಗೋಲು. ಬಿದಿರಿನಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಆಮೇಲೆ ಡಾಂಬರು ಬಳಿದ ತಟ್ಟು, ಪ್ಲಾಸ್ಟಿಕ್ ಹಾಳೆಗಳು ಬಂದವು. ಭಾರ ಸಮವಾಗುವಂತೆ ಅಂಬಿಗ ದೊಡ್ಡವರನ್ನು ಅಂಚಿನ ಸುತ್ತ, ಮಕ್ಕಳನ್ನು ನಡುವೆ ಕೂಡಿಸುತ್ತಾನೆ. ಆಳವಿಲ್ಲದಲ್ಲಿ ಗಳ ಊರಿ, ಸೆಳವಿದ್ದಲ್ಲಿ ಹುಟ್ಟು ಹಾಕಿ, ಎದುರು ದಡದ ಗುರಿಗಿಂತ ಮೇಲಿನಿಂದಲೇ ಹೊರಟು ನೀರಿನ ಓಟಕ್ಕೆ ಓರೆಯಾಗಿ ದಾಟಿಸುತ್ತಾನೆ. ದ್ವೀಪದಲ್ಲಿ ಅರ್ಚಕರ ಮನೆಗಳೇ ತಂಗುದಾಣ, ಊಟವೂ ಅಲ್ಲಿಯೇ. ಬೆಳಗ್ಗೆ ಹೊಳೆಯ ಸ್ನಾನ, ಅಭಿಷೇಕ, ಆಲದ ನೆರಳಿನಲ್ಲಿ ಗುರುಚರಿತ್ರೆಯ ಪಾರಾಯಣ. ಹಿರಿಯರು ಓದುತ್ತಿರುವಾಗ ಮಕ್ಕಳು ಮರಳಿನಲ್ಲಿ ಆಡುತ್ತಾರೆ.

1948ರಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ಭಾಷಾವಾರು ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೂ ನದಿಯಾಚೆಯ ಮಹಬೂಬ್‌ನಗರ ಆಂಧ್ರಕ್ಕೂ ಸೇರಿದವು. ಸರಕಾರಿ ಬಸ್ಸು, ಆಮೇಲೆ ಬಾಡಿಗೆ ಜೀಪು ಬಂದ ಮೇಲೆ ವಿಜಯಪುರದ ಮೇಲಿಂದ ನೇರ ರಸ್ತೆ ಹಿಡಿಯುವವರು ಹೆಚ್ಚಿದರು. ಬಾರ್ಸಿ ಲೈಟ್ ರೈಲ್ವೆಯನ್ನು ಸರಕಾರ 1954ರಲ್ಲಿ ಕೊಂಡಿತು. ಅದರ ಹಳಿಗಳು ಈ ಶತಮಾನದಲ್ಲಿ ಬ್ರಾಡ್ ಗೇಜ್ ಆದವು. ವಾರದ ಯಾತ್ರೆ ಎರಡು-ಮೂರು ದಿನಕ್ಕೆ ಇಳಿಯಿತು.

ಇಳಿಯದೆ ಉಳಿದದ್ದು ಹೊಳೆಯ ಹಿಡಿತ. ಪಶ್ಚಿಮ ಘಟ್ಟದಲ್ಲಿ ಮಳೆ ಹೆಚ್ಚಾಗಿ ಕೊಯ್ನಾ ಜಲಾಶಯದಿಂದ ನೀರು ಬಿಟ್ಟಾಗ ಮೊದಲು ಸಾಂಗಲಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗುತ್ತದೆ. ಅದೇ ಪ್ರವಾಹ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ರಾಯಚೂರಿನ ನಡುಗಡ್ಡೆಗಳನ್ನು ಹೊರಜಗತ್ತಿನಿಂದ ಕಡಿದುಹಾಕುತ್ತದೆ. 2005ರಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಸಾಂಗಲಿ ಮುಳುಗಿದಾಗಲೂ ಹೀಗೇ ಆಯಿತು. ಯಾತ್ರಿಕರು ಮಳೆಗಾಲ ಬಿಟ್ಟು ಬರಬಹುದು. ದ್ವೀಪದವರಿಗೆ ಆಸ್ಪತ್ರೆ, ಶಾಲೆ, ಸಂತೆ ಎಲ್ಲಕ್ಕೂ ದಾಟಬೇಕಾದದ್ದು ಅದೇ ಹೊಳೆ. ಅವರಿಗೆ ಭದ್ರವಾದ ದಾರಿ ಆಗಲೇಬೇಕು. ಸಾಂಗಲಿ–ಮಿರಜದ ಮನೆತನಗಳು ತಲೆಮಾರುಗಳಿಂದ ಯಾತ್ರೆಗೆ ಬಂದು ತಂಗಿದ ಊರು, ಅಲ್ಲಿ ಬಾಳುವವರ ಊರಾಗಿ ಉಳಿಯುವುದು ಆಗಲೇ.