ಬಹಿಷ್ಕಾರವೆಂಬ ಪದದ ಬಾಳು

ಸಂಸ್ಕೃತದಿಂದ ನಮ್ಮ ನುಡಿಗೆ ಬಂದು ನೆಲೆಸಿದ ಶಬ್ದಗಳಲ್ಲಿ ಪುರಸ್ಕಾರ, ತಿರಸ್ಕಾರ, ಆವಿಷ್ಕಾರ, ಬಹಿಷ್ಕಾರ ಎಂಬ ನಾಲ್ಕು ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರಂತಿವೆ. ಎದುರಿಗೆ ಕರೆದು ಕೂರಿಸುವುದು ಪುರಸ್ಕಾರ. ಕಣ್ಣಿಗೆ ಬೀಳದಂತೆ ಮರೆಗೆ ಸರಿಸುವುದು ತಿರಸ್ಕಾರ. ಮರೆಯಲ್ಲಿದ್ದುದನ್ನು ಬೆಳಕಿಗೆ ತರುವುದು ಆವಿಷ್ಕಾರ. ಒಳಗಿದ್ದುದನ್ನು ಹೊಸ್ತಿಲಿನಾಚೆಗೆ ಹಾಕುವುದು ಬಹಿಷ್ಕಾರ. ಇವುಗಳಲ್ಲಿ ಮೊದಲನೆಯದು ಶಾಲು ಹಾರಗಳ ಸಭೆಗಳಲ್ಲಿ ಸುಖವಾಗಿದೆ, ಆವಿಷ್ಕಾರವು ವಿಜ್ಞಾನಿಗಳ ವಶವಾಗಿದೆ, ತಿರಸ್ಕಾರವು ಅರ್ಜಿಗಳ ಮೇಲಿನ ಷರಾ ಆಗಿಯೂ ಮನಸ್ಸಿನೊಳಗಿನ ಭಾವವಾಗಿಯೂ ಉಳಿದಿದೆ. ಬಹಿಷ್ಕಾರವೊಂದು ಮಾತ್ರ ಊರ ಕಟ್ಟೆಯಿಂದ ಹೊರಟು, ಜವಳಿ ಅಂಗಡಿಗಳನ್ನು ಹಾದು, ಕಾಂಗ್ರೆಸ್ಸಿನ ಮಂಟಪವನ್ನೇರಿ, ನ್ಯಾಯಾಲಯದ ಕಟಕಟೆಯನ್ನೂ ಕಂಡು, ಇಂದು ಪ್ರತಿಯೊಬ್ಬನ ಕಿಸೆಯಲ್ಲಿರುವ ಮೊಬೈಲಿನವರೆಗೆ ಬಂದು ನಿಂತಿದೆ. ಇಷ್ಟು ದೂರ ನಡೆದ ಪದವು ತನ್ನ ಹಾದಿಯಲ್ಲಿ ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ವಿಚಾರಿಸುವುದಕ್ಕೆ ಕಾರಣವುಂಟು. ಈ ಪದದ ಏಳುಬೀಳುಗಳೆಲ್ಲವೂ ಈ ಜೋಡಿನಗರದ ನೆಲದ ಮೇಲೆ ತಮ್ಮ ಗುರುತನ್ನು ಬಿಟ್ಟಿವೆ.

ಮೊದಲಿಗೆ ಈ ಪದಕ್ಕೂ ಸರಕಿಗೂ ಸಂಬಂಧವೇ ಇರಲಿಲ್ಲ. ಅದರ ಗುರಿ ಮನುಷ್ಯನಾಗಿದ್ದನು. ನಮ್ಮ ಕಡೆಯ ಹಳ್ಳಿಗಳಲ್ಲಿ ‘ದೈವ’ವೆಂದರೆ ಗುಡಿಯೊಳಗಿನ ದೇವರೂ ಹೌದು, ಕಟ್ಟೆಯ ಮೇಲೆ ನೆರೆದ ಹಿರಿಯರ ಸಭೆಯೂ ಹೌದು. ಆ ದೈವದವರು ಕೂಡಿ ಒಬ್ಬನನ್ನು ‘ಹೊರಗ ಹಾಕೇವಿ’ ಎಂದು ಸಾರಿದ ದಿನದಿಂದ ಅವನ ಮನೆಗೆ ಕ್ಷೌರಿಕನು ಬರುತ್ತಿರಲಿಲ್ಲ, ಅಗಸನು ಅರಿವೆಗಳನ್ನು ಒಯ್ಯುತ್ತಿರಲಿಲ್ಲ, ಒಲೆಗೆ ಕೆಂಡ ಕೇಳಿದರೆ ನೆರೆಯವಳು ಕೊಡುತ್ತಿರಲಿಲ್ಲ, ಮಗಳಿಗೆ ಗಂಡು ಸಿಗುತ್ತಿರಲಿಲ್ಲ, ಸತ್ತರೆ ಹೆಗಲು ಕೊಡುವವರೂ ಇರುತ್ತಿರಲಿಲ್ಲ. ಬ್ರಾಹ್ಮಣರ ಓಣಿಗಳಲ್ಲಿ ಇದಕ್ಕೆ ‘ಗ್ರಾಮಣ್ಯ’ವೆಂಬ ಹೆಸರಿದ್ದಿತು, ಸಮುದ್ರಯಾನ ಮಾಡಿಬಂದವನೂ, ವಿಧವಾವಿವಾಹದ ಪಂಕ್ತಿಯಲ್ಲಿ ಕುಳಿತು ಉಂಡವನೂ ಅದಕ್ಕೆ ಗುರಿಯಾಗುತ್ತಿದ್ದರು. ಕೈಯೆತ್ತದೆ, ರಕ್ತ ಹರಿಸದೆ, ಮಾತು ಮತ್ತು ನೀರು ಇವೆರಡನ್ನು ಮಾತ್ರ ನಿಲ್ಲಿಸಿ ಒಬ್ಬ ಮನುಷ್ಯನನ್ನು ಮಣಿಸುವ ಈ ವಿದ್ಯೆಯಲ್ಲಿ ಹಲವರು ಒಬ್ಬನ ಮೇಲೆ, ಉಳ್ಳವರು ಇಲ್ಲದವನ ಮೇಲೆ ಅಧಿಕಾರ ನಡೆಸುತ್ತಿದ್ದರೆಂಬುದನ್ನು ಮರೆಯಲಾಗದು.

1880ರಲ್ಲಿ ಐರ್ಲೆಂಡಿನ ಮೇಯೋ ಪ್ರಾಂತದ ಒಕ್ಕಲಿಗರು ಈ ವಿದ್ಯೆಯನ್ನು ತಿರುಗುಮುರುಗು ಮಾಡಿದರು. ಲಾರ್ಡ್ ಅರ್ನ್ ಎಂಬ ಜಮೀನುದಾರನ ಕಾರಭಾರಿಯಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬವನು ಗೇಣಿ ಇಳಿಸಲೊಪ್ಪದೆ ಒಕ್ಕಲೆಬ್ಬಿಸಲು ಹೊರಟಾಗ, ಅವನ ಹೊಲಕ್ಕೆ ಆಳುಗಳು ಬರಲಿಲ್ಲ, ಮನೆಗೆ ಅಂಚೆ ಬರಲಿಲ್ಲ, ಅಂಗಡಿಯವರು ದಿನಸಿ ಮಾರಲಿಲ್ಲ. ಕೊನೆಗೆ ಹೊರಗಿನಿಂದ ಐವತ್ತು ಮಂದಿ ಕೆಲಸಗಾರರನ್ನು ತರಿಸಿ, ಸಾವಿರದಷ್ಟು ಸಿಪಾಯಿಗಳ ಕಾವಲಿನಲ್ಲಿ ಅವನ ಬೆಳೆಯನ್ನು ಕಿತ್ತು ತೆಗೆಯಬೇಕಾಯಿತು. ಇಂಗ್ಲೀಷಿನವರಿಗೆ ಇದನ್ನು ಹೇಳಲು ಪದವಿರಲಿಲ್ಲವಾಗಿ ಆ ಮನುಷ್ಯನ ಹೆಸರೇ ಕ್ರಿಯಾಪದವಾಯಿತು. ನಮ್ಮಲ್ಲಿ ಪದವು ಸಿದ್ಧವಾಗಿಯೇ ಇದ್ದಿತು. ಆದರೆ ಕೆಳಗಿನವರು ಮೇಲಿನವನನ್ನು ಹೊರಗಿಡಬಹುದೆಂಬ ಕಲ್ಪನೆ ಆ ಪದಕ್ಕೆ ಅದುವರೆಗೆ ಹೊಳೆದಿರಲಿಲ್ಲ.

ಅದು ಹೊಳೆದದ್ದು ಬಂಗಾಲದ ವಿಭಜನೆಯ ಕಾಲಕ್ಕೆ. 1905ರ ಆಗಸ್ಟ್ 7ರಂದು ಕಲಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ಸರಕುಗಳನ್ನು ಬಿಡುವ ನಿರ್ಣಯವಾಯಿತು. ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ ಎಂಬ ಚತುಃಸೂತ್ರಿಯನ್ನು ಲೋಕಮಾನ್ಯ ತಿಲಕರು ದೇಶಕ್ಕೆ ಕೊಟ್ಟರು. ಮುಂಬಯಿ ಇಲಾಖೆಯ ತುದಿಯಲ್ಲಿದ್ದ ಧಾರವಾಡದ ಓದುಬರಹ ಬಲ್ಲವರು ತಿಲಕರ ‘ಕೇಸರಿ’ ಪತ್ರಿಕೆಯನ್ನು ಓದುತ್ತಿದ್ದುದರಿಂದ ಪದವು ಇಲ್ಲಿಗೆ ತಡವಿಲ್ಲದೆ ಬಂದಿತು. ಬಂದದ್ದು ಎಂಥ ನೆಲಕ್ಕೆ ಎಂಬುದನ್ನು ನೆನೆಯಬೇಕು. 1840ರ ದಶಕದಲ್ಲಿ ಕಲೆಕ್ಟರ್ ಶಾ ಎಂಬವನ ಉತ್ತೇಜನದಿಂದ ಈ ಎರೆಭೂಮಿಗೆ ಅಮೇರಿಕೆಯ ಹತ್ತಿಬೀಜವು ಬಂದು, ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಬೇರೂರಿ, 1861ರಿಂದ 1865ರವರೆಗೆ ಅಮೇರಿಕೆಯ ಅಂತರ್ಯುದ್ಧದಿಂದಾಗಿ ಲ್ಯಾಂಕಶಾಯರದ ಗಿರಣಿಗಳು ಹತ್ತಿಯಿಲ್ಲದೆ ನಿಂತಾಗ, ನಮ್ಮ ರೈತನು ಹಿಂದೆಂದೂ ಕಾಣದ ಬೆಲೆಯನ್ನು ಕಂಡನು. ಬಂಡಿಗಳು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಅಂಡಿಗೆಗಳನ್ನು ಹೊತ್ತುಹೋದವು. ಹೋದ ಹತ್ತಿ ಬಟ್ಟೆಯಾಗಿ ಮರಳಿ ಬಂದು ಇಲ್ಲಿಯ ಮಗ್ಗದ ಬೆನ್ನು ಮುರಿಯಿತು. ತಾನೇ ಬೆಳೆದ ಹತ್ತಿಯನ್ನು ಪರದೇಶದ ಅರಿವೆಯಾಗಿ ಕೊಂಡು ಉಡುವ ದುರ್ಗತಿ ರೈತನಿಗೆ ಬಂದಿತು. ಇಂಥ ಸೀಮೆಯಲ್ಲಿ ವಿದೇಶಿ ವಸ್ತ್ರದ ಬಹಿಷ್ಕಾರವೆಂದರೆ ಏನೆಂಬುದನ್ನು ಯಾರೂ ವ್ಯಾಖ್ಯಾನ ಮಾಡಿ ತಿಳಿಸಬೇಕಾಗಿರಲಿಲ್ಲ.

ಮಾತು ರಕ್ತದ ಬೆಲೆಯನ್ನು ತೆತ್ತದ್ದು ಅಸಹಕಾರದ ದಿನಗಳಲ್ಲಿ. 1921ರ ಜುಲೈ 1ರಂದು ಧಾರವಾಡದ ಸೆರೆ ಅಂಗಡಿಯೆದುರು ಪಿಕೆಟಿಂಗ್ ನಡೆದ ಕಾಲಕ್ಕೆ ಪೊಲೀಸರು ಗುಂಡು ಹಾರಿಸಿ ಮೂವರು ಮಡಿದರು. ಮುಂದೆ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕಟ್ಟಿದ ಸೇವಾದಳವೂ, ಉಮಾಬಾಯಿ ಕುಂದಾಪುರ ಅವರು ಹುಬ್ಬಳ್ಳಿಯ ಹೆಂಗಸರ ನಡುವೆ ಮಾಡಿದ ಸಂಘಟನೆಯೂ ಈ ಮಾತನ್ನು ಅಂಗಡಿಯ ಬಾಗಿಲಿನಿಂದ ಅಡುಗೆಮನೆಯ ಒಳಗಿನವರೆಗೆ ಒಯ್ದವು. 1924ರ ಡಿಸೆಂಬರಿನಲ್ಲಿ ನೆರೆಯ ಬೆಳಗಾವಿಯಲ್ಲಿ ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಕುಳಿತಾಗ, ಅಸಹಕಾರದ ಉಳಿದ ಅಂಶಗಳನ್ನೆಲ್ಲ ಅಮಾನತ್ತಿನಲ್ಲಿಟ್ಟು ವಿದೇಶಿ ಬಟ್ಟೆಯನ್ನು ತೊಡದಿರುವ ವ್ರತವೊಂದನ್ನೇ ಉಳಿಸಿಕೊಳ್ಳಲಾಯಿತು. ಜೊತೆಗೆ, ಸದಸ್ಯರಾದವರು ತಿಂಗಳಿಗೆ 2,000 ಗಜ ನೂಲನ್ನು ಸಲ್ಲಿಸಬೇಕೆಂದು ಗೊತ್ತುಮಾಡಲಾಯಿತು. ಈ ಎರಡನ್ನೂ ಒಟ್ಟಿಗೆ ಓದತಕ್ಕದ್ದು. ಬಿಡುವವನು ಬಿಟ್ಟಷ್ಟನ್ನು ತನ್ನ ಕೈಯಿಂದಲೇ ತುಂಬಿಕೊಡತಕ್ಕದ್ದೆಂಬ ನಿಯಮವು ಆ ನೂಲಿನ ಲೆಕ್ಕದೊಳಗೆ ಅಡಗಿದೆ. ಅಲ್ಲದೆ, ಬ್ರಿಟಿಷರದೆಂಬ ಕಾರಣಕ್ಕಾಗಿಯೇ ಬ್ರಿಟಿಷ್ ಸರಕನ್ನು ಬಿಡುವುದು ದ್ವೇಷದ ಕೃತ್ಯವೆಂದು ಗಾಂಧೀಜಿ ಅದನ್ನು ಬಹುಕಾಲ ಒಪ್ಪಲಿಲ್ಲ. ಯಾವ ದೇಶದ್ದೇ ಆಗಲಿ, ಹೊರಗಿನ ಬಟ್ಟೆಯನ್ನು ಬಿಡುವುದು ನೇಕಾರನ ಕಡೆಗಿನ ಕರ್ತವ್ಯವೆಂದು ಅವರು ಎಣಿಸಿದ್ದರು. ಮೊದಲು ಹೇಳಿದ ಅಕ್ಕತಂಗಿಯರಲ್ಲಿ ತಿರಸ್ಕಾರವನ್ನು ಹೊರಗೆ ನಿಲ್ಲಿಸಿ ಬಹಿಷ್ಕಾರವೊಂದನ್ನೇ ಒಳಗೆ ಕರೆದುಕೊಳ್ಳುವ ಈ ಪ್ರಯತ್ನವು ಪದದ ಚರಿತ್ರೆಯಲ್ಲಿಯೇ ಅತ್ಯಂತ ಉದಾತ್ತವಾದ ಘಳಿಗೆಯೆಂದು ನಾನು ತಿಳಿಯುತ್ತೇನೆ. ಬಟ್ಟೆಯ ರಾಶಿಗೆ ಬೆಂಕಿಯಿಟ್ಟಾಗ ಆ ತಿರಸ್ಕಾರವು ಹಿಂಬಾಗಿಲಿನಿಂದ ಒಳಗೆ ಬಂದಿತೆಂದು ಕವಿ ರವೀಂದ್ರರು ಅಂಜಿದ್ದೂ ನಿಜವೇ.

ಅದೇ ಕಾಲದಲ್ಲಿ ಇನ್ನೊಬ್ಬ ಮಹಾನುಭಾವರು ಅದೇ ಪದವನ್ನು ಅದರ ಹಳೆಯ ಗಾಯದೊಡನೆ ಎತ್ತಿ ತೋರಿಸುತ್ತಿದ್ದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭಾ, 1927ರಲ್ಲಿ ‘ಬಹಿಷ್ಕೃತ ಭಾರತ’ವೆಂಬ ಪತ್ರಿಕೆ: ಡಾಕ್ಟರ್ ಅಂಬೇಡ್ಕರರು ತಮ್ಮ ಜನಕ್ಕೆ ಆರಿಸಿಕೊಂಡ ಹೆಸರು ಅದು. ದೇಶವು ವಿದೇಶಿ ಬಟ್ಟೆಯನ್ನು ಬಹಿಷ್ಕರಿಸುತ್ತಿದ್ದ ದಿನಗಳಲ್ಲಿ ದೇಶದೊಳಗೇ ಬಾವಿಯಿಂದಲೂ ಗುಡಿಯಿಂದಲೂ ಶಾಲೆಯಿಂದಲೂ ಬಹಿಷ್ಕೃತರಾದ ಕೋಟಿಗಟ್ಟಲೆ ಜನರು ಇದ್ದರು. ಇತ್ತ ಉಪ್ಪಿನ ಸತ್ಯಾಗ್ರಹದೊಡನೆ ವಿದೇಶಿ ವಸ್ತ್ರದ ಬಹಿಷ್ಕಾರವು ಉಚ್ಛ್ರಾಯದಲ್ಲಿದ್ದ 1930ರಲ್ಲಿಯೇ ಅತ್ತ ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತು ಸೇರಿತು. ಅಲ್ಲಿ ಅಂಬೇಡ್ಕರರು, ಹಳ್ಳಿಯ ಸವರ್ಣರು ದಲಿತರ ಮೇಲೆ ಹೇರುವ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವಾಗಿ ಮಾಡಬೇಕೆಂದು, ಬರ್ಮಾದ 1922ರ ಕಾಯಿದೆಯೊಂದನ್ನು ಮಾದರಿಯಾಗಿಟ್ಟು ಬೇಡಿಕೆ ಮಂಡಿಸಿದರು. ಒಂದೇ ಪದವು ಒಂದು ಕೈಯಲ್ಲಿ ಬಿಡುಗಡೆಯ ಆಯುಧವೂ ಮತ್ತೊಂದು ಕೈಯಲ್ಲಿ ಬಂಧನದ ಆಯುಧವೂ ಆಗಿದ್ದ ಆ ವರ್ಷವನ್ನು ನಾವು ಸಾಕಷ್ಟು ಧ್ಯಾನಿಸಿಲ್ಲ. ಅವರ ಬೇಡಿಕೆ ಪೂರ್ಣವಾಗಿ ಕಾನೂನಿನ ರೂಪ ತಾಳುವುದಕ್ಕೆ ದೀರ್ಘಕಾಲ ಹಿಡಿಯಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಸಾಮಾಜಿಕ ಹಾಗೂ ಆರ್ಥಿಕ ಬಹಿಷ್ಕಾರಗಳನ್ನು ಹೆಸರಿಟ್ಟು ಅಪರಾಧವೆಂದು ಸಾರಲಾಯಿತು.

ಸ್ವಾತಂತ್ರ್ಯಾನಂತರ ಪದವು ಸವೆಯತೊಡಗಿತು. ಹುಡುಗರು ಪರೀಕ್ಷೆಯನ್ನು ಬಹಿಷ್ಕರಿಸಿದರು, ರಸ್ತೆಯಿಲ್ಲದ ಊರಿನವರು ಮತದಾನವನ್ನು ಬಹಿಷ್ಕರಿಸಿದರು, ಹೈಕೋರ್ಟಿನ ಪೀಠಕ್ಕಾಗಿ ಧಾರವಾಡದ ವಕೀಲರು ಕಲಾಪವನ್ನು ಬಹಿಷ್ಕರಿಸಿ 2008ರಲ್ಲಿ ಅದನ್ನು ಪಡೆದೂ ಪಡೆದರು.

ಹೀಗೆ ಸವೆದ ಪದವು ಇತ್ತೀಚೆಗೆ ಮತ್ತೆ ವಿದೇಶಿ ಸರಕಿನ ಕಡೆಗೆ ತಿರುಗಿದೆ. ಆದರೆ ವಿದೇಶಿ ವಸ್ತುವಿನ ವಿಷಯದಲ್ಲಿ ನಮ್ಮ ನುಡಿಯ ಮೂಲಸ್ವಭಾವ ಔದಾರ್ಯದ್ದೇ ಆಗಿದೆ. ಮೈಸೂರಿನವರು ಹೊರಗಿನಿಂದ ಬಂದುದಕ್ಕೆಲ್ಲ ‘ಸೀಮೆ’ಯೆಂಬ ಮುಂಪದವನ್ನಿಟ್ಟು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಗಳನ್ನು ಮನೆಯೊಳಕ್ಕೆ ಸೇರಿಸಿಕೊಂಡರು, ನಾವು ಇಲ್ಲಿ ಚಿಮಣಿ ಎಣ್ಣಿ, ಖಡು ಎಂದು ಬೇರೆ ಹೆಸರುಗಳಿಂದ ಕರೆದುಕೊಂಡೆವು. ‘ಪರದೇಶಿ’ಯೆಂದರೆ ನಮ್ಮ ಕಡೆ ದಿಕ್ಕಿಲ್ಲದವನು, ಆ ಮಾತಿನಲ್ಲಿ ಹಗೆತನಕ್ಕಿಂತ ಕನಿಕರವೇ ಹೆಚ್ಚು. ಶಾಕುಂತಲದ ಮೊದಲನೆಯ ಅಂಕದ ಕೊನೆಗೆ ದುಷ್ಯಂತನ ಮನಸ್ಸಿಗೆ ಉಪಮಾನವಾಗಿ ಬರುವ ಧ್ವಜದ ಬಟ್ಟೆ ಚೀನಾಂಶುಕ, ಎಂದರೆ ಚೀನದ ರೇಷ್ಮೆ. ಕಾಳಿದಾಸನಿಗೆ ಅದರಲ್ಲಿ ಅಸಮಂಜಸವೇನೂ ಕಾಣಲಿಲ್ಲ.

ಆ ಚೀನದ ಸರಕೇ 2020ರ ಜೂನ್ 15ರ ಗಾಲ್ವಾನ್ ಕಣಿವೆಯ ಘಟನೆಯ ಬಳಿಕ ಬಹಿಷ್ಕಾರದ ಗುರಿಯಾಯಿತು. ಯೋಧರು ಮಡಿದಾಗ ಜನರ ಕರುಳು ಕಲಕಿದ್ದು ಸಹಜ. ಸರಕಾರವು ಅದೇ ತಿಂಗಳ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿತು. 2025ರ ಮೇ ತಿಂಗಳಲ್ಲಿ ತುರ್ಕಿಯು ಪಾಕಿಸ್ತಾನದ ಪಕ್ಷ ವಹಿಸಿದಾಗ ಅಲ್ಲಿಯ ಸೇಬನ್ನೂ ಅಲ್ಲಿಗೆ ಹೋಗುವ ಪ್ರವಾಸವನ್ನೂ ಬಿಡಬೇಕೆಂಬ ಕರೆ ದೇಶದಲ್ಲೆಲ್ಲ ಎದ್ದಿತು. ಆದರೆ ಚೀನದಿಂದ ನಾವು ತರಿಸಿಕೊಂಡ ಸರಕಿನ ಮೌಲ್ಯವು 2020–21ರಲ್ಲಿ ಸುಮಾರು 65 ಶತಕೋಟಿ ಡಾಲರಿದ್ದದ್ದು 2024–25ರಲ್ಲಿ ಸುಮಾರು 113 ಶತಕೋಟಿ ಡಾಲರಿಗೆ ಏರಿತು. ಇದಕ್ಕೆ ಜನರ ಮನಸ್ಸು ಸುಳ್ಳೆಂಬುದು ಕಾರಣವಲ್ಲ. ದೀಪಾವಳಿಯ ಮುಂಚೆ ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಅಂಗಡಿಯಲ್ಲಿ ದೀಪದ ಸರವನ್ನು ಕೈಯಲ್ಲಿ ಹಿಡಿದ ಗೃಹಿಣಿಯೊಬ್ಬರು, “ಅಣ್ಣಾರ, ಇದು ಚೀನಾದ್ದೇನ್ರಿ? ಅಲ್ಲಿಂದು ನಮಗ ಬ್ಯಾಡ್ರಿ” ಎಂದು ಕೇಳಿದರು. ಅಂಗಡಿಯಾತ ಸರವನ್ನು ಬೆಳಕಿಗೆ ಹಿಡಿದು, “ಏನಂತ ಹೇಳ್ಲಿ ಅಕ್ಕಾರ? ಡಬ್ಬಿ ಇಲ್ಲಿದು, ವಾಯರ್ ಇಲ್ಲಿದು, ಜೋಡಿಸಿದವರೂ ನಮ್ಮವರ. ಒಳಗಿನ ದೀಪ ಅಷ್ಟ ಅಲ್ಲಿಂದು” ಎಂದ. ಆ ಹೆಣ್ಣುಮಗಳು ಬಹಳ ಹೊತ್ತು ನಿಂತು, ಸರವನ್ನು ಅಲ್ಲಿಯೇ ಇಟ್ಟು, ಮಣ್ಣಿನ ಪಣತಿಗಳನ್ನು ಕೊಂಡು ಹೋದರು. ಅವರ ನಡತೆ ನನಗೆ ಗೌರವಾರ್ಹವಾಗಿ ಕಂಡಿತು. ನೂರು ಗಜ ಬಟ್ಟೆಗೆ ಒಂದೇ ಮೂಲವಿದ್ದ ಕಾಲವು ಹೋಗಿ, ಒಂದು ಸರದೊಳಗೆ ಎರಡು ದೇಶಗಳು ಹೆಣೆದುಕೊಂಡ ಕಾಲವು ಬಂದಿರುವಾಗ, ಬಿಡುವವರಿಗೆ ಬದಲು ವಸ್ತುವೊಂದು ಕೈಗೆಟುಕುವಂತಿದ್ದರೆ ಮಾತ್ರ ಬಿಡುವುದು ಸಾಧ್ಯ; ಪಣತಿ ಇದ್ದಿತು, ಅವರು ಕೊಂಡರು. ಮೊಬೈಲಿಗೂ ಔಷಧದ ಮೂಲದ್ರವ್ಯಕ್ಕೂ ಪಣತಿಯಿಲ್ಲ.

ಹೊರದೇಶದ ಸರಕನ್ನು ಬಿಡುವುದು ಕಷ್ಟವಾದಷ್ಟೂ ನೆರೆಯವನನ್ನು ಬಿಡುವುದು ಸುಲಭವಾಗಿ ಕಾಣುತ್ತದೆಂಬುದು ಈ ಪದದ ದೊಡ್ಡ ಅಪಾಯ. 2022ರಲ್ಲಿ ಕರ್ನಾಟಕದ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳನ್ನು ಬಹಿಷ್ಕರಿಸಬೇಕೆಂಬ ಕೂಗೆದ್ದಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಧಾರವಾಡದ ಹತ್ತಿರದ ನುಗ್ಗಿಕೇರಿ ಹನುಮಂತನ ಗುಡಿಯ ಮುಂದೆ ಬಡ ವ್ಯಾಪಾರಿಯೊಬ್ಬನ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಎತ್ತಿಹಾಕಿ ಒಡೆಯಲಾಯಿತು. ಆ ಹಣ್ಣು ಈ ನೆಲದ್ದು, ಮಾರುವವನು ಈ ಊರಿನವನು, ಕೊಳ್ಳುವವರು ಹನುಮಂತನ ಭಕ್ತರು. ಇಲ್ಲಿ ಬಹಿಷ್ಕಾರವೆಂಬ ಪದವು ತಿಲಕರನ್ನೂ ಗಾಂಧೀಜಿಯನ್ನೂ ಬಿಟ್ಟು, ಕೆಂಡ ಕೊಡದ ಕಟ್ಟೆಯ ಕಾಲಕ್ಕೆ ಹಿಂದೆ ಹೋಯಿತು. ಹೊರಗಿಡುವವನು ತಾನು ಏನನ್ನೂ ಕಳೆದುಕೊಳ್ಳದೆ, ಹೊರಗಾದವನು ಅಂದಿನ ಅನ್ನವನ್ನೇ ಕಳೆದುಕೊಳ್ಳುವ ಕಾರ್ಯಕ್ಕೆ ಸ್ವದೇಶಿಯ ಹೆಸರನ್ನು ಇಡಲಾಗದು, ಅದು ಅನ್ಯಾಯ.

ಅದೇ 2022ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬೇರೊಂದು ಸಂಕಟವಿತ್ತು. 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರದೊಡನೆ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. ಕೈಯಿಂದ ನೂತು ಕೈಯಿಂದ ನೇಯ್ದ ಹತ್ತಿಯ ಬಟ್ಟೆಯನ್ನು ಕೇಸರಿ ಹಸಿರುಗಳಲ್ಲಿ ಅದ್ದಿ, ಬಿಳಿಯ ಪಟ್ಟಿಯ ಎರಡು ಬದಿಗೂ 24 ಅರೆಗಳ ಚಕ್ರವು ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡುವಂತೆ ಅಚ್ಚೊತ್ತಿ, ಉದ್ದಗಲಗಳು ಮೂರಕ್ಕೆರಡರ ಪ್ರಮಾಣ ತಪ್ಪದಂತೆ ಕತ್ತರಿಸಿ ಹೊಲಿಯುವವರಲ್ಲಿ ಬಹುಮಂದಿ ಹೆಂಗಸರು. ಅಳತೆಗಳು ಒಂಬತ್ತು, ಎಲ್ಲಕ್ಕೂ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಬಣ್ಣದ ಛಾಯೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ದೋಷ ಕಂಡರೆ ಆ ಧ್ವಜವು ತಿರಸ್ಕೃತವಾಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಯ ಮೇಲೆ ಧ್ವಜವೇರಿದಾಗ ಬೆಂಗೇರಿಯ ಕೆಲಸಗಾರರು ತಮ್ಮ ಅನ್ನದ ಚಿಂತೆಯಿಂದ ಪ್ರತಿಭಟನೆಗೆ ಕುಳಿತರು. ಯಾರೂ ಖಾದಿಯನ್ನು ಬಹಿಷ್ಕರಿಸಿರಲಿಲ್ಲ. ಅಗ್ಗವಾದುದು ಸಿಕ್ಕಿತೆಂದು ಕೊಂಡಿದ್ದರು, ಅಷ್ಟೆ.

ವಿದೇಶದ ಸರಕನ್ನು ಬಿಡುವೆನೆಂದು ಪ್ರತಿಜ್ಞೆ ಮಾಡುವ ಸಜ್ಜನರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಬಿಡುವ ಪಟ್ಟಿಯನ್ನು ಬರೆಯುವುದಕ್ಕೆ ಮುಂಚೆ ಕೊಳ್ಳುವ ಪಟ್ಟಿಯನ್ನು ಬರೆಯಿರಿ. ಮುಂದಿನ ಆಗಸ್ಟ್ 15ಕ್ಕೆ ಮನೆಯ ಮೇಲೆ ಏರಿಸುವ ಧ್ವಜವನ್ನು ಬೆಂಗೇರಿಗೆ ಹೋಗಿ ಕೊಳ್ಳಿರಿ, ಅಂಗಿಯ ಬಟ್ಟೆಯನ್ನು ಧಾರವಾಡದ ಹತ್ತಿರದ ಗರಗದ ಖಾದಿ ಸಂಘದಲ್ಲಿ ವಿಚಾರಿಸಿರಿ, ನುಗ್ಗಿಕೇರಿಗೆ ದರ್ಶನಕ್ಕೆ ಹೋದಾಗ ಗುಡಿಯ ಮುಂದೆ ಹಣ್ಣು ಮಾರುವವನು ಯಾವನೇ ಆಗಿರಲಿ, ಹಣ್ಣು ಚೆನ್ನಾಗಿದ್ದರೆ ಅವನಿಂದ ಕೊಳ್ಳಿರಿ.