ಬ್ಯಾಂಡ್ ಮಾಸ್ಟರ್ ಬರೀ ಕೈ ಬೀಸುತ್ತಾರಾ? ಕಂಡಕ್ಟರ್‌ಗಳ ತರಬೇತಿ ಕಾರ್ಯಾಗಾರದಲ್ಲಿ ಕಲಿಸುವುದೇನು?

“ನಲವತ್ತು ಜನ ಕೆನ್ನೆ ಉಬ್ಬಿಸಿ ಊದುತ್ತಾರೆ, ಮುಂದೆ ನಿಂತವರು ಒಂದು ಕಡ್ಡಿ ಆಡಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ.” ಬ್ಯಾಂಡ್ ವಿಡಿಯೊ ನೋಡಿದವರ ಬಾಯಲ್ಲಿ ಇಂಥ ಮಾತು ಬರುವುದು ಸಹಜ. ಆದರೆ ಇದೇ ‘ಕಡ್ಡಿ ಆಡಿಸುವ’ ಕೆಲಸ ಕಲಿಯಲು ಅನುಭವಿ ಶಿಕ್ಷಕರು ರಜೆ ಹಾಕಿ, ಶುಲ್ಕ ಕಟ್ಟಿ ಕಾರ್ಯಾಗಾರಗಳಿಗೆ ಹೋಗುತ್ತಾರೆ. ಅಲ್ಲಿ ಅಂಥದ್ದೇನನ್ನು ಕಲಿಸುತ್ತಾರೆ? ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟ್ ಸಾಕಾಗುವುದಿಲ್ಲವೇ? ನೋಡೋಣ.

ಚುಟುಕಾಗಿ

• ಕಂಡಕ್ಟರ್ ಇಲ್ಲದೆ ಸಂಗೀತ ನಡೆಯುವುದೇ ಇಲ್ಲ ಎಂಬುದು ಸುಳ್ಳು. ಕಂಡಕ್ಟರ್‌ಗೆ ಕೆಲಸವೇ ಇಲ್ಲ ಎಂಬುದೂ ಸುಳ್ಳು.
• ಅವರ ಕೆಲಸದ ಬಹುಪಾಲು ನಡೆಯುವುದು ಅಭ್ಯಾಸದ ಕೋಣೆಯಲ್ಲಿ. ಅದು ಕೈಗಿಂತ ಹೆಚ್ಚಾಗಿ ಕಿವಿಯ ಕೆಲಸ.
• ಎದುರಿಗೆ ಊದುವವರೇ ಇಲ್ಲದ ಕಾರ್ಯಾಗಾರದಲ್ಲಿ ಈ ವಿದ್ಯೆಯ ಅರ್ಧ ಮಾತ್ರ ಸಿಗುತ್ತದೆ.

ವಿಂಡ್ ಬ್ಯಾಂಡ್ ಎಂದರೇನು?

ಕಂಡಕ್ಟರ್ ಎಂದಾಕ್ಷಣ ನಮಗೆ ನೆನಪಾಗುವುದು ಬಸ್ಸು. ಸಂಗೀತದಲ್ಲಿ ಕಂಡಕ್ಟರ್ ಎಂದರೆ ವಾದ್ಯವೃಂದವನ್ನು ಮುನ್ನಡೆಸುವವರು. ಶಾಲೆ, ಪೊಲೀಸ್, ಸೇನೆಗಳಲ್ಲಿ ನಾವು ಅವರನ್ನು ಬ್ಯಾಂಡ್ ಮಾಸ್ಟರ್ ಎನ್ನುತ್ತೇವೆ.

ವಿಂಡ್ ಬ್ಯಾಂಡ್‌ನಲ್ಲಿ ಪಿಟೀಲಿನಂಥ ತಂತಿವಾದ್ಯಗಳ ಗುಂಪು ಇರುವುದಿಲ್ಲ. ಫ್ಲೂಟ್, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್, ಟ್ಯೂಬಾದಂಥ ಊದುವ ವಾದ್ಯಗಳೇ ಅದರ ಜೀವ. ಜೊತೆಗೆ ಡ್ರಮ್ಮು, ತಾಳಗಳು ಇರುತ್ತವೆ. ಮೈಸೂರು ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಈ ನಾದ ಹೊಸದಲ್ಲ. ಮೈಸೂರು ಅರಮನೆಯ ಪರಂಪರೆಯಿಂದ ಬಂದ ಅಲ್ಲಿನ ಪೊಲೀಸ್ ಬ್ಯಾಂಡ್‌ನಲ್ಲಿ ಪಾಶ್ಚಾತ್ಯ ಸಂಗೀತಕ್ಕೆ ಒಂದು ತಂಡ, ಕರ್ನಾಟಕ ಸಂಗೀತಕ್ಕೆ ಇನ್ನೊಂದು ತಂಡ ಇವೆ.

ನಂಬಿಕೆ 1: ಕಂಡಕ್ಟರ್ ಇಲ್ಲದಿದ್ದರೂ ಏನೂ ಆಗುವುದಿಲ್ಲ

ಇದರಲ್ಲಿ ಅರ್ಧ ಸತ್ಯವಿದೆ. ಮಾಸ್ಕೋದಲ್ಲಿ 1922ರಲ್ಲಿ ಶುರುವಾದ ‘ಪರ್ಸಿಮ್‌ಫಾನ್ಸ್’ ಎಂಬ ವಾದ್ಯವೃಂದ ಸುಮಾರು ಹತ್ತು ವರ್ಷ ಕಂಡಕ್ಟರ್ ಇಲ್ಲದೆಯೇ ನುಡಿಸಿತು. ನ್ಯೂಯಾರ್ಕ್‌ನಲ್ಲಿ 1972ರಲ್ಲಿ ಹುಟ್ಟಿದ ‘ಆರ್ಫಿಯಸ್’ ತಂಡವೂ ಕಂಡಕ್ಟರ್ ಇಟ್ಟುಕೊಳ್ಳಲಿಲ್ಲ. ಆದರೆ ಅಲ್ಲಿ ಕಂಡಕ್ಟರ್‌ನ ಕೆಲಸ ಮಾಯವಾಗಲಿಲ್ಲ. ಅದನ್ನು ಕಲಾವಿದರೇ ಚರ್ಚಿಸಿ ಹಂಚಿಕೊಂಡರು. ನುರಿತ ಕಲಾವಿದರಿಗೆ ಸಾಧ್ಯವಾಗುವ ಈ ಕ್ರಮವನ್ನು ಎಂಟನೇ ತರಗತಿ ಮಕ್ಕಳ ಬ್ಯಾಂಡ್‌ನಿಂದ ನಿರೀಕ್ಷಿಸಲಾಗದು.

ಇನ್ನೊಂದು ಕಾರಣ ಭೌತಶಾಸ್ತ್ರದ್ದು. 20 ಡಿಗ್ರಿ ಉಷ್ಣಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಮೆರಿಕದ ಫುಟ್‌ಬಾಲ್ ಮೈದಾನದ ಉದ್ದ ಸುಮಾರು 91 ಮೀಟರ್. ಅಂಥ ಮೈದಾನದಲ್ಲಿ ಬ್ಯಾಂಡ್ ಹರಡಿ ನಿಂತರೆ ಒಂದು ತುದಿಯ ಡ್ರಮ್ಮಿನ ಪೆಟ್ಟು ಇನ್ನೊಂದು ತುದಿಗೆ ತಲುಪಲು ಕಾಲು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಒಂದು ಪೆಟ್ಟಿನ ಅವಧಿಯೇ ಅರ್ಧ ಸೆಕೆಂಡು. ಅಂದರೆ ದೂರದ ಡ್ರಮ್ಮನ್ನೇ ನಂಬಿ ಊದುವವರು ಅರ್ಧ ಪೆಟ್ಟಿಗೂ ಹೆಚ್ಚು ಹಿಂದೆ ಬೀಳುತ್ತಾರೆ. ಆದರೆ ಕಂಡಕ್ಟರ್‌ನ ಕೈ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಏಕೆಂದರೆ ಬೆಳಕಿಗೆ ಈ ವಿಳಂಬ ಇಲ್ಲ. ಸುಮಾರು 15 ಮೀಟರ್ ಅಗಲದ ವೇದಿಕೆಯಲ್ಲಿ ಈ ತಡ 0.04 ಸೆಕೆಂಡಿನಷ್ಟು ಮಾತ್ರ. ಆದರೂ ವೇಗದ ಸಂಗೀತದಲ್ಲಿ ಕಿವಿಗೆ ಗೊತ್ತಾಗುತ್ತದೆ.

ಇಟಲಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡಕ್ಟರ್‌ನ ಕಡ್ಡಿ ಮತ್ತು ಪಿಟೀಲು ವಾದಕರ ಕಮಾನುಗಳ ಚಲನೆಯನ್ನು ಕ್ಯಾಮೆರಾಗಳಿಂದ ಅಳೆದರು. ವಾದಕರ ಚಲನೆಯ ಮೇಲೆ ಕಂಡಕ್ಟರ್‌ನ ಪ್ರಭಾವ ಹೆಚ್ಚಿದ್ದಾಗ ತಜ್ಞ ಕೇಳುಗರಿಗೆ ಆ ಸಂಗೀತ ಹೆಚ್ಚು ಮೆಚ್ಚುಗೆಯಾಯಿತು. ಇದು ತಂತಿವಾದ್ಯಗಳ ಮೇಲೆ ನಡೆದ ಸಣ್ಣ ಅಧ್ಯಯನ. ಆದರೂ ‘ಕೈ ಬೀಸುವುದರಿಂದ ಏನೂ ಆಗದು’ ಎಂಬ ಮಾತಿಗೆ ಅದು ಸಾಕಷ್ಟು ಉತ್ತರ ಕೊಡುತ್ತದೆ.

ಈ ತರಬೇತಿ ಶುರುವಾದದ್ದು ಹೇಗೆ?

1854ರಲ್ಲಿ ಕ್ರಿಮಿಯಾ ಯುದ್ಧದ ಸಮಯ. ಟರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದ ಕವಾಯತು. ಬ್ರಿಟಿಷ್ ಸೇನೆಯ ಬ್ಯಾಂಡ್‌ಗಳೆಲ್ಲ ಸೇರಿ ರಾಷ್ಟ್ರಗೀತೆ ನುಡಿಸಿದಾಗ ಒಂದೊಂದು ಬ್ಯಾಂಡ್ ಒಂದೊಂದು ಶ್ರುತಿಯಲ್ಲಿ ಊದಿ ನಗೆಪಾಟಲಾಯಿತು ಎಂಬುದು ಸೇನಾ ಸಂಗೀತದವರು ಇಂದಿಗೂ ಹೇಳುವ ಕಥೆ. 1857ರಲ್ಲಿ ಲಂಡನ್ ಸಮೀಪದ ನೆಲ್ಲರ್ ಹಾಲ್‌ನಲ್ಲಿ ಬ್ಯಾಂಡ್ ಮಾಸ್ಟರ್‌ಗಳನ್ನು ತಯಾರು ಮಾಡುವ ಸೇನಾ ಸಂಗೀತ ಶಾಲೆ ಆರಂಭವಾಯಿತು.

ಭಾರತೀಯ ಸೇನೆಯಲ್ಲಿ ಈ ಕೆಲಸ ಮಧ್ಯಪ್ರದೇಶದ ಪಚ್‌ಮಡಿಯಲ್ಲಿರುವ ಸೇನಾ ಸಂಗೀತ ವಿಭಾಗದಲ್ಲಿ ನಡೆಯುತ್ತದೆ. ಅದು 1950ರಲ್ಲಿ ಸ್ಥಾಪನೆಯಾದಾಗ ಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ. ಅವರ ಪ್ರೋತ್ಸಾಹದಲ್ಲೇ ಅದು ಶುರುವಾಯಿತು.

ಅಮೆರಿಕದಲ್ಲಿ ಶಾಲೆ, ಕಾಲೇಜುಗಳಲ್ಲಿ ಬ್ಯಾಂಡ್ ಒಂದು ಪಾಠ. ಹಾಗಾಗಿ ಅಲ್ಲಿ ಬ್ಯಾಂಡ್ ಶಿಕ್ಷಕರ ದೊಡ್ಡ ಸಮುದಾಯವೇ ಇದೆ. 1946ರಲ್ಲಿ ಆರಂಭವಾದ ‘ಮಿಡ್‌ವೆಸ್ಟ್ ಕ್ಲಿನಿಕ್’ ಸಮ್ಮೇಳನಕ್ಕೆ ಅವರು ಪ್ರತಿ ಡಿಸೆಂಬರ್‌ನಲ್ಲಿ ಶಿಕಾಗೊದಲ್ಲಿ ಸೇರುತ್ತಾರೆ. 1952ರಲ್ಲಿ ಫ್ರೆಡರಿಕ್ ಫೆನ್ನೆಲ್ ಅವರು ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ‘ವಿಂಡ್ ಆನ್‌ಸಾಂಬಲ್’ ಕಟ್ಟಿದರು. ಒಂದೇ ಭಾಗವನ್ನು ಹಲವರು ಸೇರಿ ಊದುವ ಬದಲು ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುವುದು ಅಲ್ಲಿನ ಮುಖ್ಯ ಬದಲಾವಣೆ. ಗುಂಪಿನಲ್ಲಿ ಮರೆಯಾಗುತ್ತಿದ್ದ ತಪ್ಪು ಆಗ ಬಯಲಾಗತೊಡಗಿತು, ಕಂಡಕ್ಟರ್‌ನ ಜವಾಬ್ದಾರಿಯೂ ಹೆಚ್ಚಿತು. ಇಂದು ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಬೇಸಿಗೆ ರಜೆಯಲ್ಲಿ ಕೆಲವು ದಿನಗಳ ಕಂಡಕ್ಟಿಂಗ್ ಕಾರ್ಯಾಗಾರ ನಡೆಸುತ್ತವೆ.

ಕಾರ್ಯಾಗಾರದಲ್ಲಿ ನಡೆಯುವುದೇನು?

ಕೊಳಲು ಕಲಿಯುವವರು ಮನೆಯಲ್ಲಿ ಕೊಳಲು ಹಿಡಿದು ಅಭ್ಯಾಸ ಮಾಡಬಹುದು. ಯಕ್ಷಗಾನದ ಭಾಗವತರೂ ಮೇಳವನ್ನು ನಡೆಸುತ್ತಾರೆ, ಆದರೆ ಅವರಿಗೆ ಅವರದೇ ಕಂಠವಿದೆ. ಬ್ಯಾಂಡ್ ಕಂಡಕ್ಟರ್‌ನಿಂದ ಒಂದೂ ಸ್ವರ ಹೊರಡುವುದಿಲ್ಲ. ಎದುರಿಗೆ ಕೂತ ಮನುಷ್ಯರೇ ಅವರ ವಾದ್ಯ. ಕನ್ನಡಿಯ ಮುಂದೆ ಎಷ್ಟು ಕೈ ಬೀಸಿದರೂ ಆ ಬೀಸಿಗೆ ಊದುವವರು ಹೇಗೆ ಸ್ಪಂದಿಸುತ್ತಾರೆ ಎಂದು ತಿಳಿಯುವುದಿಲ್ಲ. ಕಾರ್ಯಾಗಾರದ ಮುಖ್ಯ ಉಪಯೋಗ ಇದೇ: ಅದು ಕಲಿಯುವವರಿಗೆ ಒಂದು ಬ್ಯಾಂಡನ್ನು ‘ಎರವಲು’ ಕೊಡುತ್ತದೆ.

ಸಾಮಾನ್ಯವಾಗಿ ಎರಡು ಬಗೆಯ ಪ್ರವೇಶ ಇರುತ್ತದೆ. ಕೆಲವರಿಗೆ ಬ್ಯಾಂಡ್ ಮುಂದೆ ನಿಲ್ಲುವ ಅವಕಾಶ, ಉಳಿದವರಿಗೆ ಕೂತು ನೋಡುವ ಅವಕಾಶ. ನಿಂತವರು ಕೆಲವು ನಿಮಿಷ ನಡೆಸುತ್ತಾರೆ, ಗುರುಗಳು ನಡುವೆ ನಿಲ್ಲಿಸಿ ತಿದ್ದುತ್ತಾರೆ, ಅದೇ ಸಾಲನ್ನು ಮತ್ತೆ ಮಾಡಿಸುತ್ತಾರೆ. ಎಲ್ಲವೂ ವಿಡಿಯೊ ಆಗುತ್ತದೆ. ಕಲಿಸುವ ವಿಷಯಗಳು ಮುಖ್ಯವಾಗಿ ಐದು.

1. ಸ್ಕೋರ್ ಓದುವುದು: ಎಲ್ಲ ವಾದ್ಯಗಳ ಭಾಗಗಳನ್ನು ಒಂದರ ಕೆಳಗೊಂದು ಬರೆದ ಸ್ವರಲಿಪಿಯೇ ಸ್ಕೋರ್. ದೊಡ್ಡ ಬ್ಯಾಂಡ್‌ನ ಒಂದೇ ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿರಬಹುದು. ಜೊತೆಗೆ ಇನ್ನೊಂದು ಗೋಜಲು: ಕಾಗದದಲ್ಲಿ ಒಂದೇ ಸ್ವರ ಬರೆದಿದ್ದರೂ ಫ್ಲೂಟ್, ಸಾಮಾನ್ಯ ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೊಫೋನ್, ಫ್ರೆಂಚ್ ಹಾರ್ನ್‌ಗಳಿಂದ ಬೇರೆ ಬೇರೆ ಸ್ವರ ಹೊರಡುತ್ತದೆ. ಒಬ್ಬೊಬ್ಬರ ‘ಸ’ ಒಂದೊಂದು ಶ್ರುತಿಯಲ್ಲಿ ಇದ್ದಂತೆ. ಇದನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿ, ಬ್ಯಾಂಡ್ ಊದುವ ಮೊದಲೇ ‘ಕೇಳಿಸಿಕೊಳ್ಳಲು’ ಕಲಿಯಬೇಕು.

2. ಉಸಿರಿನ ಸನ್ನೆ: ನಾವು ತಾಳ ಹಾಕುವಾಗ ಕೈಯ ಪೆಟ್ಟು ಸ್ವರದ ಜೊತೆಗೇ ಬೀಳುತ್ತದೆ. ಕಂಡಕ್ಟರ್‌ನ ಸನ್ನೆ ಸ್ವರಕ್ಕಿಂತ ಮುಂಚೆ ಬರಬೇಕು, ಏಕೆಂದರೆ ಊದುವ ಮೊದಲು ಎಲ್ಲರೂ ಉಸಿರು ಎಳೆದುಕೊಳ್ಳಬೇಕು. ಕೈ ಮೇಲೇಳುವ ಆ ಒಂದು ಕ್ಷಣದಲ್ಲೇ ವೇಗ ಎಷ್ಟು, ಜೋರಾಗಿಯೋ ಮೆಲ್ಲಗೋ, ಮೃದುವಾಗಿಯೋ ಚುರುಕಾಗಿಯೋ ಎಂಬುದೆಲ್ಲ ತಿಳಿಯಬೇಕು. ಕಂಡಕ್ಟರ್ ತಾನೂ ಅದೇ ವೇಗದಲ್ಲಿ ಉಸಿರೆಳೆದರೆ ಬ್ಯಾಂಡ್ ಒಟ್ಟಿಗೆ ಶುರುವಾಗುವುದು ಸುಲಭ. ಕೈ ಎತ್ತಿ ಉಸಿರು ಬಿಗಿಹಿಡಿದರೆ ಊದುವವರ ಉಸಿರೂ ಕಟ್ಟುತ್ತದೆ.

3. ಚಲನೆಯ ಭಾಷೆ: ನೃತ್ಯದ ಚಲನೆಗಳನ್ನು ವಿಶ್ಲೇಷಿಸಿದ ರುಡಾಲ್ಫ್ ಲಾಬಾನ್ ಅವರ ಪದ್ಧತಿಯನ್ನು ಹಲವು ಶಿಕ್ಷಕರು ಬಳಸುತ್ತಾರೆ. ತೇಲಿಸುವುದು, ಒತ್ತುವುದು, ತಟ್ಟುವುದು, ಗುದ್ದುವುದು ಹೀಗೆ ಚಲನೆಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸುತ್ತಾರೆ. ತಟ್ಟುವ ಸನ್ನೆಗೆ ಚಿಕ್ಕ ಸ್ವರ, ತೇಲುವ ಸನ್ನೆಗೆ ಉದ್ದದ ಸ್ವರ ಬರುವುದನ್ನು ಕಲಿಯುವವರು ಬ್ಯಾಂಡ್ ಎದುರೇ ಕಾಣುತ್ತಾರೆ.

4. ಕಿವಿ: ಬ್ಯಾಂಡ್‌ನವರು ಬೇಕೆಂದೇ ಒಂದು ಸ್ವರ ತಪ್ಪು ಊದಿ, ಯಾರು ತಪ್ಪಿದರೆಂದು ಹುಡುಕಲು ಹೇಳುವ ಅಭ್ಯಾಸವೂ ಇದೆ. ಶ್ರುತಿಯದು ಇನ್ನೊಂದು ಸವಾಲು. ವಾದ್ಯದೊಳಗಿನ ಗಾಳಿ ಬಿಸಿಯಾದಂತೆ ಶ್ರುತಿ ಏರುತ್ತದೆ. 20 ಡಿಗ್ರಿಯಲ್ಲಿದ್ದ ಗಾಳಿ 30 ಡಿಗ್ರಿಗೆ ಹೋದರೆ 440 ಹರ್ಟ್ಸ್‌ನ ಸ್ವರ ಸುಮಾರು 447ಕ್ಕೆ ಏರುತ್ತದೆ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ಇದು ಹೆಚ್ಚೂಕಡಿಮೆ ಮೂರನೇ ಒಂದು ಪಾಲು. ಬಿಸಿಲಲ್ಲಿ ನಿಂತ ಶಾಲಾ ಬ್ಯಾಂಡ್ ಅಪಸ್ವರ ನುಡಿದರೆ ಅದು ಯಾವಾಗಲೂ ಮಕ್ಕಳ ತಪ್ಪಲ್ಲ. ಇದು ಗೊತ್ತಿರುವ ಮಾಸ್ಟರ್ ಬೈಯುವ ಬದಲು ಶ್ರುತಿ ಹೊಂದಿಸಿಕೊಳ್ಳಲು ಸಮಯ ಕೊಡುತ್ತಾರೆ.

5. ಅಭ್ಯಾಸ ನಡೆಸುವುದು: ಎಲ್ಲಿ ನಿಲ್ಲಿಸಬೇಕು, ಏನು ಹೇಳಬೇಕು, ಎಷ್ಟು ಕಡಿಮೆ ಮಾತಿನಲ್ಲಿ ಹೇಳಬೇಕು ಎಂಬುದೂ ಕಲಿಯಬೇಕಾದ ವಿದ್ಯೆ. “ಚೆನ್ನಾಗಿಲ್ಲ, ಇನ್ನೊಂದು ಸಲ” ಎಂದರೆ ಯಾರಿಗೂ ಏನೂ ತಿಳಿಯದು. “ಎರಡನೇ ಕ್ಲಾರಿನೆಟ್, ಆ ಸ್ವರವನ್ನು ಪೂರ್ತಿ ಹಿಡಿಯಿರಿ” ಎಂದರೆ ತಿದ್ದಿಕೊಳ್ಳಬಹುದು. ಟ್ರಂಪೆಟ್ ಊದುವವರ ತುಟಿಯ ಸ್ನಾಯು ಬೇಗ ದಣಿಯುತ್ತದೆ. ಹಾಗಾಗಿ ಕಷ್ಟದ ಭಾಗಗಳನ್ನು ಸಾಲಾಗಿ ಇಡದೆ ನಡುವೆ ವಿರಾಮ ಬರುವಂತೆ ಯೋಜಿಸಬೇಕು.

ನಂಬಿಕೆ 2: ಭಾವಪೂರ್ಣವಾಗಿ ಕೈ ಬೀಸಿದರೆ ಬ್ಯಾಂಡ್ ಚೆನ್ನಾಗಿದೆ ಎಂದರ್ಥ

ಇದಕ್ಕೆ ಅಮೆರಿಕದ ಸಂಗೀತ ಶಿಕ್ಷಣ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಒಂದೇ ಧ್ವನಿಮುದ್ರಣಕ್ಕೆ ಎರಡು ಬಗೆಯ ವಿಡಿಯೊ ಜೋಡಿಸಿದರು. ಒಂದರಲ್ಲಿ ಕಂಡಕ್ಟರ್ ಭಾವಪೂರ್ಣವಾಗಿ, ಇನ್ನೊಂದರಲ್ಲಿ ನೀರಸವಾಗಿ ಕೈ ಆಡಿಸುತ್ತಿದ್ದರು. ಕೇಳಿಸುವ ಸಂಗೀತ ಒಂದೇ ಆಗಿದ್ದರೂ, ಭಾವಪೂರ್ಣ ಸನ್ನೆಯ ವಿಡಿಯೊ ನೋಡಿದಾಗ ಬ್ಯಾಂಡ್ ಹೆಚ್ಚು ಚೆನ್ನಾಗಿ ನುಡಿಸಿದೆ ಎಂದು ನೋಡುಗರು ಅಂಕ ಕೊಟ್ಟರು. ಅಂದರೆ ನಮ್ಮ ಕಣ್ಣು ಕಿವಿಯನ್ನು ಯಾಮಾರಿಸುತ್ತದೆ. ವೈರಲ್ ವಿಡಿಯೊ ನೋಡಿ “ಎಂಥಾ ಕಂಡಕ್ಟರ್!” ಎನ್ನುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.

ನಂಬಿಕೆ 3: ಕೈ ಬೀಸುವ ವ್ಯಾಯಾಮದಿಂದ ಕಂಡಕ್ಟರ್‌ಗಳಿಗೆ ಆಯುಷ್ಯ ಹೆಚ್ಚು

ಈ ಮಾತಿಗೆ 1978ರ ಒಂದು ವೈದ್ಯಕೀಯ ಲೇಖನ ಮೂಲ. ತೀರಿಕೊಂಡ 35 ಪ್ರಮುಖ ಆರ್ಕೆಸ್ಟ್ರಾ ಕಂಡಕ್ಟರ್‌ಗಳು ಸರಾಸರಿ 73.4 ವರ್ಷ ಬದುಕಿದ್ದರು, ಅಮೆರಿಕದ ಗಂಡಸರ ಸರಾಸರಿ ಆಯುಷ್ಯ 68.5 ವರ್ಷ ಎಂದು ಅದು ಹೋಲಿಸಿತ್ತು. ಮರುವರ್ಷವೇ ಇದರ ದೋಷ ಎತ್ತಿ ತೋರಿಸಲಾಯಿತು. ದೊಡ್ಡ ಕಂಡಕ್ಟರ್ ಆಗಬೇಕಾದರೆ ಮೊದಲು ಮೂವತ್ತು ದಾಟಿ ಬದುಕಿರಬೇಕು. ಬಾಲ್ಯದಲ್ಲೋ ಯೌವನದಲ್ಲೋ ತೀರಿಕೊಂಡವರು ಆ ಪಟ್ಟಿಗೆ ಬರುವುದೇ ಇಲ್ಲ. 32 ವರ್ಷ ತಲುಪಿದ ಗಂಡಸರಿಗೇ ಹೋಲಿಸಿದರೆ ಅವರ ನಿರೀಕ್ಷಿತ ಆಯುಷ್ಯ ಸುಮಾರು 72. ಹೆಚ್ಚಿನ ವ್ಯತ್ಯಾಸವೆಲ್ಲ ಅಲ್ಲಿಗೆ ಕರಗಿತು.

ನಿಜವಾದ ಆರೋಗ್ಯದ ಪ್ರಶ್ನೆ ಕಿವಿಯದು. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 94 ಡೆಸಿಬಲ್‌ಗೆ 1 ಗಂಟೆ, 100 ಡೆಸಿಬಲ್‌ಗೆ 15 ನಿಮಿಷ ಮಾತ್ರ. ಸಣ್ಣ ಕೋಣೆಯಲ್ಲಿ ಟ್ರಂಪೆಟ್, ಡ್ರಮ್ಮುಗಳು ಸೇರಿದರೆ ಈ ಮಿತಿ ಸುಲಭವಾಗಿ ದಾಟುತ್ತದೆ. ಜೋರು ಶಬ್ದದಿಂದ ಒಳಗಿವಿಯ ಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ. ಇದು ಮಾಸ್ಟರ್‌ಗೂ ಅನ್ವಯ, ಎದುರಿಗೆ ಕೂತ ಮಕ್ಕಳಿಗೂ ಅನ್ವಯ. ದೊಡ್ಡ ಕೋಣೆ, ವಿರಾಮ, ಕಿವಿಗೆ ಇಯರ್‌ಪ್ಲಗ್, ಅಭ್ಯಾಸದಲ್ಲಿ ಯಾವಾಗಲೂ ಪೂರ್ತಿ ಜೋರಾಗಿ ಊದಿಸದಿರುವುದು ಇವೆಲ್ಲ ಬ್ಯಾಂಡ್ ನಡೆಸುವವರ ಕೈಯಲ್ಲೇ ಇವೆ.

ಆನ್‌ಲೈನ್ ಸರ್ಟಿಫಿಕೇಟ್ ಸಾಕೇ?

ಸ್ಕೋರ್ ಓದುವುದು, ಸಂಗೀತದ ಇತಿಹಾಸ, ತಮ್ಮದೇ ವಿಡಿಯೊ ಕಳುಹಿಸಿ ಗುರುಗಳಿಂದ ಅಭಿಪ್ರಾಯ ಪಡೆಯುವುದು ಇವೆಲ್ಲ ಆನ್‌ಲೈನ್‌ನಲ್ಲಿ ಚೆನ್ನಾಗಿಯೇ ಆಗುತ್ತವೆ. ಆದರೆ ಸಾಮಾನ್ಯ ವಿಡಿಯೊ ಕರೆಯಲ್ಲಿ ಶಬ್ದ ತಡವಾಗಿ ಬರುವುದರಿಂದ ಬೇರೆ ಬೇರೆ ಊರಿನಲ್ಲಿ ಕೂತವರು ಒಟ್ಟಿಗೆ ಊದಲಾಗದು. ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮುನ್ನ ಇಷ್ಟು ಕೇಳಿ:

• ಎದುರಿಗೆ ನಿಜವಾದ ಬ್ಯಾಂಡ್ ಇರುತ್ತದೆಯೇ? ಎಷ್ಟು ಜನ ಊದುತ್ತಾರೆ?
• ನನಗೆ ಒಟ್ಟು ಎಷ್ಟು ನಿಮಿಷ ಬ್ಯಾಂಡ್ ನಡೆಸಲು ಸಿಗುತ್ತದೆ?
• ಸ್ಕೋರ್ ಮುಂಚಿತವಾಗಿ ಕೊಡುತ್ತಾರೆಯೇ?
• ನನ್ನ ವಿಡಿಯೊ ನನಗೆ ಸಿಗುತ್ತದೆಯೇ, ಗುರುಗಳು ಜೊತೆಗೆ ಕೂತು ನೋಡುತ್ತಾರೆಯೇ?
• ಕಲಿಸುವವರು ಈಗ ಯಾವ ಬ್ಯಾಂಡ್ ನಡೆಸುತ್ತಿದ್ದಾರೆ?

ಮಕ್ಕಳನ್ನು ಶಾಲಾ ಬ್ಯಾಂಡ್‌ಗೆ ಸೇರಿಸಿರುವ ಪೋಷಕರು ಒಂದು ದಿನ ಅಭ್ಯಾಸದ ಹೊತ್ತಿಗೆ ಹೋಗಿ ಕೂತು ನೋಡಬಹುದು. ಮಾಸ್ಟರ್ ನಿಲ್ಲಿಸಿದಾಗ ಕಾರಣ ಹೇಳುತ್ತಾರೆಯೇ? ಹೇಳಿದ ಮೇಲೆ ಸಂಗೀತ ಬದಲಾಗುತ್ತದೆಯೇ? ಮಕ್ಕಳ ತುಟಿಗೂ ಕಿವಿಗೂ ವಿಶ್ರಾಂತಿ ಸಿಗುತ್ತದೆಯೇ? ಗೋಡೆಯ ಮೇಲಿನ ಸರ್ಟಿಫಿಕೇಟ್‌ಗಿಂತ ಈ ಮೂರು ಉತ್ತರಗಳು ಹೆಚ್ಚು ಹೇಳುತ್ತವೆ.

ಒಟ್ಟಿನಲ್ಲಿ

ಕಂಡಕ್ಟರ್ ಜಾದೂಗಾರರೂ ಅಲ್ಲ, ಸುಮ್ಮನೆ ಕಡ್ಡಿ ಆಡಿಸುವವರೂ ಅಲ್ಲ. ಅವರು ಬ್ಯಾಂಡ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಳ್ಳಬೇಕಾದವರು. ಒಳ್ಳೆಯ ಕಾರ್ಯಾಗಾರ ಆ ಕಿವಿಯನ್ನು ಸಾಣೆ ಹಿಡಿಯುತ್ತದೆ, ಕೈಗೆ ಹೇಳಬೇಕಾದ್ದನ್ನಷ್ಟೇ ಹೇಳಲು ಕಲಿಸುತ್ತದೆ. ಅದರ ಫಲ ಸಿಗುವುದು ಮುಂದೆ ನಿಂತವರಿಗಿಂತ ಹೆಚ್ಚಾಗಿ ಎದುರಿಗೆ ಕೂತು ಊದುವವರಿಗೆ.